ನಮ್ಮವರು ಬಿಟ್ಟುಹೋದ ಹದಿನೈದು ಆಟಗಾರರು

ಸಾವಾದ ಮನೆಯಲ್ಲಿ ನಗಬಾರದು ಅಂತ ನಮಗೂ ಗೊತ್ತಿತ್ತು. ಆದರೆ ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಆ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ನಗು ಬರುವಂಥದ್ದೇ ಏನಾದರೊಂದು ಆಗುತ್ತಲೇ ಇತ್ತು. ಬೇಡ ಅಂದರೂ ಬಾಗಿಲು ತಟ್ಟಿಕೊಂಡು ಒಳಗೆ ಬರುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮವರು ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರ ಒಂದು ಕಾರ್ಗೋ ಆಫೀಸಿನಲ್ಲಿದ್ದರು. ನಾನು ಪೇಟೆಯ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಅವರು ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ನಲವತ್ತೇಳು ವಯಸ್ಸು. ನನಗೂ ಹದಿಮೂರು ವರ್ಷದ ಮಗಳಿಗೂ ಅವರು ಬಿಟ್ಟುಹೋದದ್ದರಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕವೂ ಇತ್ತು.

ಅದೇನೆಂದು ಮೊದಲೇ ಹೇಳಿಬಿಡುತ್ತೇನೆ. ನೈರೋಬಿಯಲ್ಲಿದ್ದ ಎಂಟು ಜನ ಕನ್ನಡದ ಗಂಡಸರು ಸೇರಿ ಒಂದು ಫುಟ್‌ಬಾಲ್ ಲೀಗ್ ನಡೆಸುತ್ತಿದ್ದರು. ಇವರಲ್ಲಿ ಯಾರೂ ಚೆಂಡು ಒದೆಯುವವರಲ್ಲ, ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು. ಇಂಗ್ಲೆಂಡಿನಲ್ಲಿ ನಿಜವಾಗಿ ಆಡುವ ಹದಿನೈದು ಆಟಗಾರರನ್ನು ಒಬ್ಬೊಬ್ಬರೂ 'ನನ್ನವರು' ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು. ಅಲ್ಲಿ ಅವನು ಗೋಲ್ ಹೊಡೆದರೆ ಇಲ್ಲಿ ಇವರಿಗೆ ಅಂಕ. ವರ್ಷಕ್ಕೊಮ್ಮೆ ಹೊಸದಾಗಿ ಆರಿಸಿಕೊಳ್ಳುವ ಹಾಗಿಲ್ಲ. ಒಮ್ಮೆ ಬರೆದುಕೊಂಡರೆ ಆ ಆಟಗಾರ ಆಟ ಬಿಡುವವರೆಗೂ ಇವರವನೇ. ಅದಲುಬದಲು ಏನಿದ್ದರೂ ಅಲ್ಲಿ ಆಟ ನಿಂತಿರುವ ಮೂರು ತಿಂಗಳಲ್ಲಿ ಮಾತ್ರ. ಇದಕ್ಕೆಲ್ಲ ಸೆಕ್ರೆಟರಿ ನಮ್ಮವರು. "ಆಟ ಇದ್ದಾಗ ಅವರಿಗೆ ಕೆಲಸ, ಇಲ್ಲದಾಗ ನನಗೆ ಕೆಲಸ" ಅನ್ನುತ್ತಿದ್ದರು. "ಮಗಳು ಎಷ್ಟನೇ ಕ್ಲಾಸು ಅಂತ ಗೊತ್ತಿಲ್ಲ, ಎಲ್ಲಿಯದೋ ಹುಡುಗನ ಶೂ ಸೈಜ್ ಗೊತ್ತು" ಅಂತ ನಾನು ರೇಗುತ್ತಿದ್ದೆ. ಆ ವರ್ಷ ರೇಗಲು ಯಾರೂ ಇರಲಿಲ್ಲ.

ಲೆಫ್ಟ್ ಬ್ಯಾಕ್

ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಲೀಗಿನ ಇಬ್ಬರು ಮಾತಾಡಿಸಲು ಬಂದರು. ಒಬ್ಬರು ಬೆಂಗಳೂರಿನ ಕಡೆಯ ಡೆಂಟಿಸ್ಟ್, ಇನ್ನೊಬ್ಬರು ಮಂಗಳೂರಿನ ಎಂಜಿನಿಯರ್. ಇಬ್ಬರೂ ಸೋಫಾದ ತುದಿಯಲ್ಲಿ ಕೂತು ಎಲ್ಲರೂ ಹೇಳುವುದನ್ನೆಲ್ಲ ಹೇಳಿದರು. ಕಾಫಿ ಕುಡಿದರು. ಏಳಲಿಲ್ಲ.

ಕೊನೆಗೆ ಡೆಂಟಿಸ್ಟ್, "ಮೇಡಂ, ಕೊನೇಲಿ ಅವರು ಏನಾದ್ರೂ ಹೇಳಿದ್ರಾ?" ಅಂದರು.

"ಹೇಳೋಕೆ ಟೈಮೇ ಆಗಲಿಲ್ಲ" ಅಂದೆ.

"ಅಲ್ಲ... ಲೆಫ್ಟ್ ಬ್ಯಾಕ್ ವಿಷಯ."

ಎಂಜಿನಿಯರ್ ಡೆಂಟಿಸ್ಟರ ತೊಡೆ ಚಿವುಟಿದ್ದು ನನಗೆ ಕಾಣಿಸಿತು. 'ಲೆಫ್ಟ್' ಅಂದರೆ ಬಿಟ್ಟದ್ದು; ನಮ್ಮವರು ಏನು ಬಿಟ್ಟುಹೋದರು ಅಂತ ಕೇಳುತ್ತಿದ್ದಾರೆ, ಸಂಕೋಚಕ್ಕೆ ಇಂಗ್ಲಿಷಿನಲ್ಲಿ ಕೇಳುತ್ತಿದ್ದಾರೆ ಅಂದುಕೊಂಡೆ. ಎಂಥ ಒಳ್ಳೆಯ ಮನಸ್ಸು ಅನ್ನಿಸಿತು.

"ಮೈಸೂರಲ್ಲಿ ಒಂದು ಸೈಟಿದೆ, ಒಂದು ಇನ್ಶೂರೆನ್ಸ್ ಇದೆ. ನಮಗೇನೂ ತೊಂದರೆ ಇಲ್ಲ" ಅಂದೆ.

ಡೆಂಟಿಸ್ಟ್ ಮುಖ ಕೆಂಪಾಯಿತು. "ಅದಲ್ಲ ಮೇಡಂ, ಫುಟ್‌ಬಾಲ್. ಎಡಗಡೆ ಹಿಂದೆ ನಿಂತು ಆಡ್ತಾನಲ್ಲ, ಅವನು. ಈ ಸಲ ನನಗೆ ಕೊಡ್ತೀನಿ ಅಂತ ಬಾಯಿಮಾತಲ್ಲಿ ಹೇಳಿದ್ರು."

ಎಂಜಿನಿಯರ್ ಎದ್ದೇ ನಿಂತರು. "ಕ್ಷಮಿಸಿ ಅಕ್ಕ. ಇವರಿಗೆ ಬುದ್ಧಿ ಇಲ್ಲ. ಇಂಥಾ ಹೊತ್ತಿನಲ್ಲಿ ಕೇಳುವ ವಿಷಯವಾ ಇದು?" ಅಂತ ಡೆಂಟಿಸ್ಟರ ರಟ್ಟೆ ಹಿಡಿದು ಬಾಗಿಲವರೆಗೂ ಎಳೆದುಕೊಂಡು ಹೋದರು. ಹೊಸ್ತಿಲಲ್ಲಿ ನಿಂತು ತಿರುಗಿ, "ಆದರೂ ಅಕ್ಕ, ಕೊಡುವುದಾದರೆ ನನಗೂ ಒಂದು ಮಾತು ಹೇಳಿ" ಅಂದರು.

ಬಿಡುವುದು ಅಂದರೇನು

ಜೂನ್ ಕೊನೆಯ ಭಾನುವಾರ ಉಳಿದ ಏಳೂ ಜನ ನಮ್ಮ ಮನೆಯಲ್ಲಿ ಸೇರಿದರು. ಪ್ರತಿ ವರ್ಷ ಸೇರುತ್ತಿದ್ದದ್ದು ನಮ್ಮಲ್ಲೇ, ಈ ಸಲ ಬೇರೆಲ್ಲಿ ಅಂತ ಯಾರಿಗೂ ಹೊಳೆಯಲಿಲ್ಲ. ನೈರೋಬಿಯಲ್ಲಿ ಅದು ಚಳಿಗಾಲ. ಬಿಸಿಲೇ ಇಲ್ಲದ ದಿನ. ಎಲ್ಲರೂ ಸ್ವೆಟರ್ ಹಾಕಿಕೊಂಡು, ಅವರು ಕೂರುತ್ತಿದ್ದ ಕುರ್ಚಿಯನ್ನು ಮಾತ್ರ ಖಾಲಿ ಬಿಟ್ಟು ಒತ್ತೊತ್ತಾಗಿ ಕೂತಿದ್ದರು.

ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ ಲೆಕ್ಚರರ್ ಒಬ್ಬರು ರಿಜಿಸ್ಟರ್ ತೆಗೆದು ಓದಿದರು. ನಮ್ಮವರದೇ ಕೈಬರಹ: 'ಸದಸ್ಯರು ಲೀಗ್ ಬಿಟ್ಟರೆ ಅವರ ಆಟಗಾರರನ್ನು ಉಳಿದವರು ಚೀಟಿ ಎತ್ತಿ ಹಂಚಿಕೊಳ್ಳತಕ್ಕದ್ದು.'

"ಬಿಡೋದು ಅಂದ್ರೆ ತಾನಾಗಿ ಬಿಡೋದು ಅಂತ ಅರ್ಥ. ಇವರು ಬಿಟ್ಟಿಲ್ಲ" ಅಂದರು ಲೆಕ್ಚರರ್.

"ಬಿಟ್ಟಿಲ್ಲ ಅಂದ್ರೆ ಎಲ್ಲಿದ್ದಾರೆ?" ಅಂದರು ಡೆಂಟಿಸ್ಟ್. ಅಂದಮೇಲೆ ಅವರೇ ತಲೆ ತಗ್ಗಿಸಿದರು.

ನಾನು ಅಡುಗೆಮನೆಯಿಂದ ಚಹಾ ತರುವ ಹೊತ್ತಿಗೆ ನಿರ್ಧಾರ ಆಗಿಹೋಗಿತ್ತು. ನನ್ನ ಸ್ಟೀಲ್ ಡಬ್ಬಿಯೊಂದರಲ್ಲಿ ಹದಿನೈದು ಚೀಟಿ ಮಡಚಿ ಹಾಕಿದ್ದರು. ಹಿಂದಿನ ವಾರವಷ್ಟೇ ಅವರ ಅಂಗಿಗಳನ್ನು ಕಾವಲಿನವನಿಗೂ ಪ್ಯಾಂಟುಗಳನ್ನು ಆಫೀಸಿನವರಿಗೂ ಕೊಟ್ಟು ಬೀರು ಖಾಲಿ ಮಾಡಿದ್ದೆ. ಆ ಬೀರು ತೆಗೆದಾಗ ಬರುವ ಟೊಳ್ಳು ಸದ್ದು ಕಿವಿಯಲ್ಲೇ ಇತ್ತು. ಡಬ್ಬಿ ನೋಡಿದ್ದೇ ಹೇಳಿಬಿಟ್ಟೆ: "ಇವರನ್ನ ಹಂಚಬೇಡಿ. ನಾನೇ ನೋಡ್ಕೋತೀನಿ. ಪುಸ್ತಕಾನೂ ನಾನೇ ಬರೀತೀನಿ."

ಏಳು ಜನವೂ ನನ್ನನ್ನೇ ನೋಡಿದರು. ಲೆಕ್ಚರರ್ ಮೆಲ್ಲಗೆ, "ಮೇಡಂ, ನಿಮಗೆ ಆಫ್‌ಸೈಡ್ ಅಂದ್ರೆ ಗೊತ್ತಾ?" ಅಂದರು.

"ಗೊತ್ತಿಲ್ಲ. ಹೇಳಿಕೊಡಿ."

ಅವರು ಚಹಾ ಕಪ್ಪುಗಳನ್ನು ಆಟಗಾರರನ್ನಾಗಿ ಮಾಡಿ, ಒಂದು ಬಿಸ್ಕತ್ತನ್ನು ಚೆಂಡು ಮಾಡಿ ಹೇಳಲು ಶುರು ಮಾಡಿದರು. "ಹಾಗಲ್ಲ" ಅಂತ ಡೆಂಟಿಸ್ಟ್ ಒಂದು ಕಪ್ಪು ಸರಿಸಿದರು. "ಅದು ಎಂತ ಆಫ್‌ಸೈಡ್ ಮಾರಾಯ್ರೆ?" ಅಂತ ಎಂಜಿನಿಯರ್ ಇನ್ನೊಂದು ಸರಿಸಿದರು. ಒಂದು ಗಂಟೆಯ ಹೊತ್ತು ಕೂಗಾಡಿದರು. ಯಾರೋ ಚೆಂಡು ತಿಂದುಬಿಟ್ಟರು. ಕತ್ತಲಾಗುವ ಮೊದಲೇ ಮನೆ ಸೇರಬೇಕೆಂದು ಎಲ್ಲರೂ ಗಡಿಬಿಡಿಯಲ್ಲಿ ಎದ್ದರು. ಚೀಟಿ ಎತ್ತುವುದು ಒಬ್ಬರಿಗೂ ನೆನಪಾಗಲಿಲ್ಲ. ಏಳು ವರ್ಷದಿಂದ ಲೀಗ್ ನಡೆಸಿದ ಏಳು ಜನರಲ್ಲಿ ಆಫ್‌ಸೈಡ್ ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತಾಯಿತು.

ಪೋಲೆ

ಆ ದೇಶದಲ್ಲಿ 'ಪೋಲೆ' ಅಂತ ಒಂದು ಮಾತಿದೆ. ಯಾರಾದರೂ ತೀರಿಕೊಂಡರೂ ಪೋಲೆ, ಕಾಲು ಎಡವಿದರೂ ಪೋಲೆ, ಕೈಯಿಂದ ಸೌತೆಕಾಯಿ ಬಿದ್ದರೂ ಪೋಲೆ. ನಿಮಗೆ ಹೀಗಾಯಿತಲ್ಲ, ನನಗೂ ಬೇಜಾರಾಯಿತು ಅಂತ ಅರ್ಥ.

ಅವರ ಸಾಮಾನು ತರಲು ನಾನು ಎಂಬಕಸಿಗೆ ಹೋದೆ. ಒಂದು ಸ್ವೆಟರ್, ಕನ್ನಡಕದ ಡಬ್ಬಿ, ಮತ್ತೆ ಊಟದ ಕ್ಯಾರಿಯರ್. ಆ ಕೊನೆಯ ದಿನ ನಾನು ಕಟ್ಟಿದ್ದು ಚಿತ್ರಾನ್ನ. ಅವರು ಮುಟ್ಟಿರಲಿಲ್ಲ. ಆಫೀಸಿನವರು ಕ್ಯಾರಿಯರ್ ತೊಳೆದು, ಒರೆಸಿ ಇಟ್ಟಿದ್ದರು. ಸೂಪರ್‌ವೈಸರ್ ಒಂದು ಕಟ್ಟು ಲಂಡನ್ ಪೇಪರುಗಳನ್ನೂ ತಂದರು. ವಿಮಾನದಲ್ಲಿ ಬಂದವರು ಓದಿ ಬಿಟ್ಟುಹೋಗುತ್ತಿದ್ದ ಪೇಪರುಗಳು.

"ಪ್ರತಿ ವಾರ ಇದನ್ನ ಅವರು ಎತ್ತಿಡಿಸ್ತಿದ್ರು. ಇನ್ನು ಯಾರಿಗೆ ಕೊಡೋದು?" ಅಂದರು.

"ನನಗೇ ಕಳಿಸಿ" ಅಂದೆ.

ವಾಪಸ್ಸು ಬರುವಾಗ ಮಟಾಟು ಅನ್ನುವ ಬಾಡಿಗೆ ವ್ಯಾನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಡೆಯ ಮೇಲೆ ಕ್ಯಾರಿಯರ್, ಅದರ ಮೇಲೆ ಪೇಪರ್ ಹರಡಿಕೊಂಡು ತಲೆ ಬಗ್ಗಿಸಿ ಕೂತೆ. ಓದುತ್ತಿರಲಿಲ್ಲ. ಅವರಿಲ್ಲದೆ ಮನೆಗೆ ಹೋಗಬೇಕಲ್ಲ ಅಂತ ಅಷ್ಟೇ ತಲೆಯಲ್ಲಿ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಮನುಷ್ಯ ನನ್ನ ಮುಖ ನೋಡಿದ, ಪೇಪರ್ ನೋಡಿದ. ಪೇಪರಿನಲ್ಲಿ ಆ ವರ್ಷ ಸೋತು ಕೆಳಗಿನ ದರ್ಜೆಗೆ ಇಳಿದ ಒಂದು ತಂಡದವರು ಮೈದಾನದಲ್ಲಿ ಮಂಡಿಯೂರಿ ಅಳುವ ಚಿತ್ರವಿತ್ತು.

"ನಿಮ್ಮವರಾ?" ಅಂತ ಕೇಳಿದ.

ನನಗೆ ಕೇಳಿಸಿದ್ದು 'ನಿಮ್ಮವರು' ಅನ್ನುವುದು ಮಾತ್ರ. "ಹೌದು" ಅಂದೆ.

"ಪೋಲೆ ಸಾನ, ಮಾಮಾ" ಅಂತ ನನ್ನ ಕೈ ತಟ್ಟಿದ, ತುಂಬಾ ಪೋಲೆ, ಅಮ್ಮಾ ಅಂತ. "ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ವಾಪಸ್ ಬಂದೇ ಬರ್ತಾರೆ."

ಒಂದಕ್ಕೆ ಇಬ್ಬರು

ಅಪ್ಪ ಹೋದಮೇಲೆ ಮಗಳು ಮಾತು ನಿಲ್ಲಿಸಿದ್ದಳು. ಮೊದಲೂ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಈಗ 'ಎಸ್', 'ನೋ', 'ಫೈನ್' ಬಿಟ್ಟು ಇನ್ನೇನೂ ಇಲ್ಲ. ಊಟದ ಮೇಜಿನಲ್ಲಿ ಇಬ್ಬರೇ ಕೂತು ಚಮಚದ ಸದ್ದು ಕೇಳುತ್ತಿದ್ದೆವು.

ಜುಲೈನಲ್ಲಿ ಒಂದು ಸಂಜೆ ಎಂಜಿನಿಯರ್ ಫೋನ್ ಮಾಡಿದರು. "ಅಕ್ಕ, ನಿಮ್ಮ ಬಲಗಡೆ ಓಡುವ ಆ ಹುಡುಗ ಇದ್ದಾನಲ್ಲ, ಅವನನ್ನು ನನಗೆ ಕೊಡಿ. ಅವನೊಬ್ಬನಿಗೆ ನಾನು ಇಬ್ಬರನ್ನು ಕೊಡ್ತೇನೆ."

ಒಂದಕ್ಕೆ ಇಬ್ಬರು. ಲೆಕ್ಕದ ಟೀಚರಿಗೆ ಇದರಲ್ಲಿ ಯೋಚಿಸುವುದೇನಿದೆ? "ಆಗಲಿ" ಅಂದು ಫೋನ್ ಇಟ್ಟೆ. ಅವರು ಹೇಳಿದ ಎರಡು ಹೆಸರನ್ನು ರಿಜಿಸ್ಟರಿನಲ್ಲಿ ಬರೆಯತೊಡಗಿದೆ.

ಹಿಂದಿನಿಂದ ಬಂದ ಮಗಳು ಹೆಸರು ನೋಡಿ ಕಿರುಚಿದಳು. "ಅಮ್ಮಾ! ದೇ ಆರ್ ಬೋತ್ ಇಂಜರ್ಡ್! ಒನ್ ಆಫ್ ದೆಮ್ ಕಾಂಟ್ ಈವನ್ ವಾಕ್! ಅಪ್ಪ ವುಡ್ ನೆವರ್ ಡು ದಿಸ್!"

ಒಂದೂವರೆ ತಿಂಗಳಲ್ಲಿ ಅವಳು ಆಡಿದ ಮೊದಲ ಉದ್ದನೆಯ ಮಾತು ಅದು. ನಾನು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಇನ್ನೂ ಸ್ವಲ್ಪ ಬೈಯಲಿ ಅನ್ನಿಸುತ್ತಿತ್ತು. ಅವಳೇ ಎಂಜಿನಿಯರಿಗೆ ಫೋನ್ ತಿರುಗಿಸಿದಳು. "ಅಂಕಲ್, ಯೂ ಆರ್ ಚೀಟಿಂಗ್ ಎ ವಿಡೋ."

ಆ ಶಬ್ದವನ್ನು ನನ್ನ ಬಗ್ಗೆ ನಾನು ಮೊದಲು ಕೇಳಿದ್ದು ಮಗಳ ಬಾಯಲ್ಲೇ. ಅವಳಿಗೂ ಆಮೇಲೆ ಗೊತ್ತಾಗಿ ಫೋನ್ ಇಟ್ಟು ನನ್ನ ಪಕ್ಕ ಬಂದು ಕೂತಳು.

ಮಾರನೇ ದಿನ ಎಂಜಿನಿಯರ್ ಒಂದು ಅನಾನಸ್ ಹಿಡಿದುಕೊಂಡು ಬಂದರು, ಮುಖ ಸಪ್ಪಗೆ. "ನನ್ನದು ತಪ್ಪಾಯ್ತು ಅಕ್ಕ. ರಾತ್ರಿ ನಿದ್ದೆ ಬರಲಿಲ್ಲ. ಅದಲುಬದಲು ಬೇಡ. ನೀವು ಏನೂ ಕೊಡಬೇಡಿ, ಈ ಮೂವರನ್ನು ಹಾಗೇ ಇಟ್ಟುಕೊಳ್ಳಿ" ಅಂತ ಒಂದು ಚೀಟಿ ಕೊಟ್ಟು ಹೋದರು.

ಮಗಳು ಚೀಟಿ ತೆಗೆದುಕೊಂಡು ಪೇಪರುಗಳ ಕಟ್ಟಿನೊಳಗೆ ಹುಡುಕಿದಳು. ಮೂವರಲ್ಲಿ ಒಬ್ಬನಿಗೆ ಪಕ್ಕೆಲುಬು ಮುರಿದಿತ್ತು, ಇಬ್ಬರು ಮೊದಲಿನವರೇ.

ಮಂಡಿಗೊಂದು ಪ್ರಾರ್ಥನೆ

ಆಗಸ್ಟ್ ಬಂತು. ಶಾಲೆಗೆ ರಜೆ. ಇಂಗ್ಲೆಂಡಿನಲ್ಲಿ ಆಟ ಶುರುವಾಗಲು ಒಂದು ವಾರ ಇತ್ತು. ಎಂಬಕಸಿಯಿಂದ ಬಂದ ಪೇಪರುಗಳನ್ನು ಮನೆಮುಂದಿನ ಮೆಟ್ಟಿಲ ಮೇಲೆ ಹರಡಿಕೊಂಡು, ಅಪರೂಪಕ್ಕೆ ಬಂದ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಒಂದು ಮೂಲೆಯಲ್ಲಿ ಸಣ್ಣ ಸುದ್ದಿ: ನಮ್ಮ ಗೋಲ್‌ಕೀಪರ್ ಆಟ ಬಿಟ್ಟಿದ್ದಾನೆ. ವಯಸ್ಸು ಮೂವತ್ತೆಂಟು, ಮಂಡಿ ವಾಸಿಯಾಗುವುದಿಲ್ಲವಂತೆ.

ರಿಜಿಸ್ಟರ್ ತೆಗೆದೆ. ನಮ್ಮವರು ಎಲ್ಲರಿಗಿಂತ ಮೊದಲು ಬರೆದ ಹೆಸರು ಅವನದೇ. ಆಟ ಬಿಟ್ಟವನ ಹೆಸರಿನ ಮೇಲೆ ಕೆಂಪು ಗೆರೆ ಎಳೆಯಬೇಕು, ಅದು ನಿಯಮ. ಸ್ಕೇಲ್ ಇಟ್ಟೆ. ಅವರು ಅಷ್ಟು ಮುದ್ದಾಗಿ ಬರೆದ ಅಕ್ಷರ. ಗೆರೆ ಎಳೆದೆ. ಎಳೆದದ್ದೇ ನನಗೆ ಎಲ್ಲಿತ್ತೋ ಅಳು ಕಿತ್ತುಕೊಂಡು ಬಂತು. ಸ್ಮಶಾನದಲ್ಲಿ ಬಂದಿರಲಿಲ್ಲ, ಬೀರು ಖಾಲಿ ಮಾಡುವಾಗ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಬಾಯಿಬಿಟ್ಟು ಅತ್ತೆ.

ಪಕ್ಕದ ಮನೆಯಲ್ಲಿ ಅಲ್ಲಿನವರೇ ಒಬ್ಬ ರಿಟೈರ್ಡ್ ನರ್ಸ್ ಇದ್ದರು. ಬೇಲಿಯ ಆಚೆಯಿಂದ, "ಏನಾಯ್ತು, ಯಾರಿಗೇನಾಯ್ತು?" ಅಂತ ಕೂಗಿದರು.

"ನಮ್ಮ ಗೋಲ್‌ಕೀಪರ್ ಹೋಗಿಬಿಟ್ಟ" ಅಂದೆ ನನಗೆ ಬರುವ ಅರ್ಧ ಸ್ವಾಹಿಲಿಯಲ್ಲಿ.

ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು. ಒಂದು ಗಂಟೆಯೊಳಗೆ ಅವರ ಚರ್ಚಿನ ಒಂಬತ್ತು ಜನ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ದೊಡ್ಡ ದೊಡ್ಡ ಫ್ಲಾಸ್ಕುಗಳಲ್ಲಿ ಚಹಾ ತುಂಬಿಕೊಂಡು ನಮ್ಮ ಹಾಲಿನಲ್ಲಿ ಬಂದು ಕೂತರು. ನಾನು ಬಾಯಿ ತೆರೆಯುವ ಮೊದಲೇ ಒಂದು ಹಾಡು ಮುಗಿಯಿತು. ಎಷ್ಟು ಚೆನ್ನಾಗಿ ಹಾಡಿದರೆಂದರೆ ನಡುವೆ ತಡೆಯಲು ಮನಸ್ಸಾಗಲಿಲ್ಲ.

ಅವರಲ್ಲಿ ಹಿರಿಯಾಕೆ ನನ್ನ ಕೈ ಹಿಡಿದು ಕೇಳಿದರು. "ವಯಸ್ಸೆಷ್ಟಾಗಿತ್ತು?"

"ಮೂವತ್ತೆಂಟು."

"ಅಯ್ಯೋ ದೇವರೆ, ಇನ್ನೂ ಚಿಕ್ಕವನು. ಏನಾಗಿತ್ತು?"

"ಮಂಡಿ ನೋವು."

ಆಕೆ ನರ್ಸ್ ಕಡೆ ನೋಡಿದರು. ನರ್ಸ್, ತನಗೂ ತಿಳಿಯದು ಅನ್ನುವಂತೆ ತಲೆ ಆಡಿಸಿದರು. "ಮಂಡಿ ನೋವಿಗೆ ಸಾಯ್ತಾರಾ?" ಅಂದರು ಹಿರಿಯಾಕೆ.

"ಸತ್ತಿಲ್ಲ" ಅಂದೆ. "ರಿಟೈರ್ ಆದ."

ಮಗಳು ದಿಂಬಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಹಿರಿಯಾಕೆ ಫ್ಲಾಸ್ಕುಗಳನ್ನು ನೋಡಿದರು, ನನ್ನ ಊದಿದ ಕಣ್ಣು ನೋಡಿದರು. "ನಿನ್ನ ಗಂಡ ಹೋದಾಗಲೂ ನಾವು ಬಂದಿದ್ವಿ. ಅವತ್ತು ನೀನು ಅಳಲಿಲ್ಲ, ನಮಗೆಲ್ಲ ಹೆದರಿಕೆಯಾಗಿತ್ತು" ಅಂದರು. "ಇವತ್ತು ಅತ್ತಿದ್ದೀಯ. ನಾವು ಬಂದೂ ಆಗಿದೆ. ಮಂಡಿಗೇ ಪ್ರಾರ್ಥನೆ ಮಾಡೋಣ."

ಮಾಡಿದರು. ಹತ್ತು ನಿಮಿಷ ಆ ಗೋಲ್‌ಕೀಪರನ ಮಂಡಿಗಾಗಿ ಮಾಡಿದರು. ಅಲ್ಲಿಂದ ಪ್ರಾರ್ಥನೆ ಮೆಲ್ಲಗೆ ನಮ್ಮವರ ಕಡೆ ತಿರುಗಿತು. ಅವರ ಹೆಸರನ್ನು ಆ ಹೆಂಗಸರು ತಮ್ಮದೇ ರೀತಿಯಲ್ಲಿ ಎಳೆದು ಹಾಡಿದಾಗ ನಾನು ಮತ್ತೆ ಅತ್ತೆ, ಈ ಸಲ ಅವರಿಗಾಗಿಯೇ. ಮಗಳು ಬಂದು ನನ್ನ ಹೆಗಲಿಗೆ ಒರಗಿದಳು. ಅವಳೂ ಅಳುತ್ತಿದ್ದಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಡೆಂಟಿಸ್ಟ್.

"ಮೇಡಂ, ಗೋಲ್‌ಕೀಪರ್ ವಿಷಯ ಓದಿದೆ, ತುಂಬಾ ಬೇಜಾರಾಯ್ತು. ಅದೇನು, ಅಲ್ಲಿ ಹಾಡು ಕೇಳಿಸ್ತಿದೆ?"

"ಪ್ರಾರ್ಥನೆ ನಡೀತಿದೆ."

"ಯಾರಿಗೆ?"

"ಅವನ ಮಂಡಿಗೆ."

ಡೆಂಟಿಸ್ಟ್ ದನಿ ತಗ್ಗಿಸಿ, "ಮೇಡಂ, ನನ್ನ ಸೆಂಟರ್ ಫಾರ್ವರ್ಡ್‌ಗೆ ಸೊಂಟ ಹಿಡ್ಕೊಂಡಿದೆ. ಅವರು ಎದ್ದು ಹೋಗೋದಕ್ಕೆ ಮುಂಚೆ ಅವನ ಹೆಸರನ್ನೂ ಒಂದು ಸಲ ಹೇಳಿಬಿಡಿ" ಅಂದರು.