ಮಾವನವರ ಗಾಡಿಗೊಬ್ಬ ಗಿರಾಕಿ

ನಮ್ಮ ಮಾವನವರಷ್ಟು ಕೆಟ್ಟ ವ್ಯಾಪಾರಿ ಡೊಂಬಿವಲಿಯಲ್ಲಷ್ಟೇ ಅಲ್ಲ, ಆಚೆ ಕಲ್ಯಾಣದಿಂದ ಈಚೆ ಠಾಣೆಯವರೆಗೆ ಹುಡುಕಿದರೂ ನಿಮಗೆ ಸಿಗಲಿಕ್ಕಿಲ್ಲ! ಸುಮ್ಮನೆ ಹೇಳುತ್ತಿಲ್ಲ, ಎರಡು ತಿಂಗಳು ಅವರ ಗಿರಾಕಿಗಳಿಗೆ ಚಹಾ ಮಾಡಿಕೊಟ್ಟ ಅನುಭವದಿಂದ ಹೇಳುತ್ತಿದ್ದೇನೆ. ವಿಚಿತ್ರವೆಂದರೆ ಇದೇ ಮನುಷ್ಯ ಠಾಣೆಯ ವರ್ತಕ ನಗರದ ಉಡುಪಿ ಹೋಟೆಲೊಂದರಲ್ಲಿ ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಬೆಳಗಿನ ವಡೆ ಸಂಜೆಗೆ ಉಳಿದರೆ ಅದನ್ನು ಮೊಸರಿನಲ್ಲಿ ಮುಳುಗಿಸಿ, "ಇವತ್ತಿನ ಸ್ಪೆಷಲ್, ನಾಳೆ ಸಿಗ್ಲಿಕ್ಕಿಲ್ಲ" ಎಂದು ನಗುನಗುತ್ತ ಮಾರಿದವರು. ಅಂಥವರಿಗೆ ಒಂದು ಮೋಟರ್ ಸೈಕಲ್ ಮಾರಲು ಬರಲಿಲ್ಲವೆಂದರೆ ನಂಬುತ್ತೀರಾ?

ಮೊದಲು ಆ ಗಾಡಿಯ ಬಗ್ಗೆ ಹೇಳಬೇಕು. ಕಂಪನಿಯ ಹೆಸರು ಬೇಡ. ತಿಳಿದವರಿಗೆ ಎರಡು ಸಿಲಿಂಡರ್, ಎರಡು ಸೈಲೆನ್ಸರ್, ಟೂ-ಸ್ಟ್ರೋಕ್ ಎಂದರೆ ಸಾಕು, ಕಣ್ಣು ದೊಡ್ಡದಾಗುತ್ತದೆ. ತಿಳಿಯದ ನನ್ನಂಥವರಿಗೆ ಅದು ಹೊಗೆ ಉಗುಳುವ ಕಬ್ಬಿಣ. ನನ್ನ ಗಂಡ ಹುಟ್ಟುವ ಮೊದಲೇ ಅದು ಮನೆಗೆ ಬಂದಿತ್ತಂತೆ. ಹಾಗಾಗಿ ಮನೆಯಲ್ಲಿ ಅದಕ್ಕೆ ಹಿರಿಯ ಮಗನ ಮರ್ಯಾದೆ, ನನ್ನ ಗಂಡನಿಗೆ ಎರಡನೆಯ ಸ್ಥಾನ! ಅತ್ತೆ ಅದರ ಹಿಂದಿನ ಸೀಟಿನಲ್ಲಿ ಕೂತದ್ದು ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ, ಕಲ್ಯಾಣ ಸ್ಟೇಶನ್ನಿನಿಂದ ಮನೆಯವರೆಗೆ. ಇಳಿದವರು ಸೀರೆ ಕೊಡವಿಕೊಂಡು, ಮರುದಿನವೇ ಲೋಕಲ್ ಟ್ರೇನಿನ ಪಾಸು ಮಾಡಿಸಿಕೊಂಡರು.

ಮಂಡಿ ಆಪರೇಶನ್ ಆದ ಮೇಲೆ ಮಾವನವರು ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಆದರೆ ಪ್ರತಿ ರವಿವಾರ ಬೆಳಿಗ್ಗೆ ಕಾಂಪೌಂಡಿನಲ್ಲಿ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಬೇಕು. ಕಿಕ್ ಹೊಡೆಯುವ ಕೆಲಸ ನನ್ನ ಗಂಡನದು, ಕಣ್ಣು ಮುಚ್ಚಿಕೊಂಡು ಸದ್ದು ಕೇಳುವ ಕೆಲಸ ಅವರದು. ಎರಡನೇ ಮಹಡಿಗೆ ಹೊಸದಾಗಿ ಬಂದ ಬಾಡಿಗೆಯವರು ಮುನಿಸಿಪಾಲ್ಟಿಯವರು ಸೊಳ್ಳೆ ಹೊಗೆ ಬಿಡುತ್ತಿದ್ದಾರೆಂದು ತಿಳಿದು, ಕಿಟಕಿ ಮುಚ್ಚಿ, ಮಕ್ಕಳನ್ನು ಕರೆದುಕೊಂಡು ಟೆರೇಸಿಗೆ ಓಡಿದ್ದುಂಟು. ಮಾವನವರಿಗೆ ಅದೇನು ಹೆಮ್ಮೆ! "ಈ ಬಿಲ್ಡಿಂಗಿನಲ್ಲಿ ಡೆಂಗ್ಯೂ ಬರದ್ದು ಯಾರಿಂದ ಅಂತ ಕೇಳು" ಎನ್ನುತ್ತಿದ್ದರು.

ಇಷ್ಟರಲ್ಲಿ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಹಳೆಯದನ್ನು ಕೆಡವಿ ಹೊಸದು ಕಟ್ಟಿ ಮುಗಿಸುವವರೆಗೆ ನಾವೆಲ್ಲ ಬಾಡಿಗೆ ಮನೆಯಲ್ಲಿರಬೇಕು. ನಮಗೆ ಸಿಕ್ಕಿದ್ದು ನಾಲ್ಕನೇ ಮಹಡಿ. ಪಾರ್ಕಿಂಗ್ ಇಲ್ಲ. "ಹಾಲಿನಲ್ಲಿ ಇಡುವ. ಸೋಫಾ ಯಾಕೆ? ಇಬ್ಬರು ಆರಾಮಾಗಿ ಕೂತ್ಕೊಳ್ಬಹುದು" ಎಂದು ಮಾವನವರು ಹೇಳಿದಾಗ ನನ್ನ ಗಂಡನ ತಾಳ್ಮೆ ತಪ್ಪಿತು. ಮನೆ ಬಿಡುವ ಮೊದಲು, ಮುಂದಿನ ತಿಂಗಳ ಕೊನೆಯ ರವಿವಾರದೊಳಗೆ ಗಾಡಿ ಮಾರಬೇಕು, ಇಲ್ಲದಿದ್ದರೆ ಸೋಮವಾರ ಭಂಗಾರದವನು ಬಂದು ಒಯ್ಯುತ್ತಾನೆ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟರು. ಭಂಗಾರ ಎಂದರೆ ಚಿನ್ನವಲ್ಲ ಸ್ವಾಮಿ, ಇಲ್ಲಿ ಅದು ಗುಜರಿ! ಮಾವನವರು ಆ ದಿನ ರಾತ್ರಿಯ ಊಟ ಬಿಟ್ಟರು. ಒಳ್ಳೆಯ ಮನೆ ನೋಡಿ ತಾವೇ ಕೊಡುವುದಾಗಿ ಮರುದಿನ ಒಪ್ಪಿಕೊಂಡರು.

ನನ್ನ ಮಗಳು ಮೊಬೈಲಿನಲ್ಲಿ ಜಾಹೀರಾತು ಹಾಕಿದಳು. ಫೋಟೋ ಬಿದ್ದದ್ದೇ ತಡ, ಫೋನುಗಳ ಸುರಿಮಳೆ! ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೂ ಇಷ್ಟು ವಿಚಾರಣೆ ಬರುವುದಿಲ್ಲ.

ಮೊದಲು ಬಂದವರು ವರ್ತಕ ನಗರದವರು, ಕನ್ನಡದವರೇ, ಹಳೆಯ ಗಾಡಿಗಳನ್ನು ಕೂಡಿಡುವ ಹುಚ್ಚಿನವರು. ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ, "ಕಂಡಿಶನ್ ಹೇಗಿದೆ ರಾಯರೇ?" ಎಂದರು. ಮಾರುವವರಾದರೆ ಏನು ಹೇಳಬೇಕು? ಬೆಣ್ಣೆ ಇದ್ದ ಹಾಗೆ ಇದೆ ಅನ್ನಬೇಕು. ನಮ್ಮವರು ಅಂಗಿಯ ಗುಂಡಿ ಬಿಚ್ಚಿ ಭುಜದ ಎಲುಬು ತೋರಿಸಿದರು.

"ಇದು ಕಲ್ಯಾಣದಲ್ಲಿ ಮುರಿದದ್ದು. ದುರ್ಗಾಡಿ ಕೋಟೆ ಹತ್ರ, ಮೊದಲ ಮಳೆ. ಎದುರಿಗೆ ಹಾಲಿನ ತಬೇಲಾದಿಂದ ಹೊರಟ ಎಮ್ಮೆಗಳು. ಬ್ರೇಕ್ ಹಿಡಿದೆ. ಈ ಗಾಡಿಗೆ ಬ್ರೇಕ್ ಅಂದ್ರೆ ಆರ್ಡರ್ ಅಲ್ಲ, ಅರ್ಜಿ! ನಾವು ಕೊಡುದು, ಅದು ವಿಚಾರ ಮಾಡುದು, ಮಂಜೂರಾಗುದು ಮುಂದಿನ ಸಿಗ್ನಲಿನಲ್ಲಿ."

"ಮತ್ತೆ?"

"ಮತ್ತೆಂತ? ಎಮ್ಮೆಗೆ ಹೋಗಿ ಗುದ್ದಿದೆ. ನನ್ನ ಎಲುಬು ಎರಡು ತುಂಡು. ಎಮ್ಮೆ ತಿರುಗಿ ಸಹ ನೋಡ್ಲಿಲ್ಲ."

ವರ್ತಕ ನಗರದವರು ಅರ್ಧ ಕಪ್ಪು ಚಹಾ ಅಲ್ಲೇ ಬಿಟ್ಟು, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಎದ್ದರು. ಮನೆಯಲ್ಲಿ ಕೇಳುತ್ತೇನೆಂದ ಗಂಡಸು ಮರಳಿ ಬಂದದ್ದನ್ನು ನಾನಂತೂ ನೋಡಿಲ್ಲ.

"ಅಲ್ರಿ ಮಾಮಾರ, ಹಿಂಗ ಎಲುಬು ತೋರಿಸಿದ್ರ ಯಾರ ತೊಗೋತಾರ?" ಎಂದೆ. ನಾನು ಧಾರವಾಡದವಳು. ಉಡುಪಿಯ ಮನೆಗೆ ಹೇಗೆ ಬಂದೆ ಎಂದು ಕೇಳಬೇಡಿ, ಐರೋಲಿಯ ಆಫೀಸಿನ ಲಿಫ್ಟು ಕೆಟ್ಟು ನಿಂತದ್ದರ ಫಲ.

"ಎಂತ ಮಾರಾಯ್ತಿ, ಸುಳ್ಳು ಹೇಳ್ಲಿಕ್ಕಾಗ್ತದಾ? ಪಾಪ, ಅವ ಇದ್ರ ಮೇಲೆ ಕೂತ್ಕೊಳ್ಳುವವ" ಎಂದರು.

"ವಡಾ ಮಾರುಮುಂದ ಈ ಸತ್ಯ ಎಲ್ಲಿ ಹೋಗಿತ್ರಿ?"

"ವಡೆ ತಿಂದು ಯಾರೂ ಸತ್ತಿಲ್ಲ."

ಹೀಗೆ ಬಂದವರಿಗೆಲ್ಲ ಒಂದೊಂದು ಪುರಾಣ. ಒಬ್ಬರಿಗೆ ಠಾಣೆಯ ಹಿಟ್ಟಿನ ಕಥೆ. ಹೋಟೆಲಿನ ರುಬ್ಬುವ ಯಂತ್ರ ಕೆಟ್ಟ ದಿನ ಇನ್ನೊಂದು ಹೋಟೆಲಿನಿಂದ ಇಡ್ಲಿ ಹಿಟ್ಟಿನ ಡಬ್ಬಿಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಟಿದ್ದರಂತೆ. ಈ ಗಾಡಿಯ ಗುಣವೇನೆಂದರೆ ಆಕ್ಸಿಲರೇಟರ್ ತಿರುಗಿಸಿದರೆ ಮೊದಲು ಸುಮ್ಮನಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಹಿಂದಿನಿಂದ ಯಾರೋ ದಬ್ಬಿದ ಹಾಗೆ ಹಾರುತ್ತದೆ. ಗಾಡಿ ಮುಂದಕ್ಕೆ ಹಾರಿತು, ಡಬ್ಬಿಯ ಮುಚ್ಚಳ ಹಿಂದಕ್ಕೆ ಹಾರಿತು. ಚೌಕದಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸನಿಗೆ ತಲೆಯಿಂದ ಸೊಂಟದವರೆಗೆ ಅಭಿಷೇಕ! "ಪುಣ್ಯಕ್ಕೆ ಅವನ ಅಂಗಿ ಬಿಳಿ. ಸಾಂಬಾರ್ ಆಗಿದ್ರೆ ನಾನು ಇವತ್ತಿಗೂ ಒಳಗೇ" ಎಂದು ಮಾವನವರು ಕಥೆ ಮುಗಿಸುತ್ತಿದ್ದರು. ಇನ್ನೊಬ್ಬರಿಗೆ ಮುಂಬ್ರಾದ ಇಳಿಜಾರಿನ ಕಥೆ. ಅರ್ಜಿ ಮಂಜೂರಾಗದೆ ಎರಡೂ ಕಾಲು ರಸ್ತೆಗೆ ಒತ್ತಿ ಗಾಡಿ ನಿಲ್ಲಿಸಿದ್ದು, ಹೊಸ ಚಪ್ಪಲಿಯಲ್ಲಿ ಬರೀ ಪಟ್ಟಿ ಉಳಿದದ್ದು! ಕೇಳುವಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೇಳಿ ಮುಗಿದ ಮೇಲೆ ಒಬ್ಬೊಬ್ಬರೇ ಕೆಳಗೆ ಇಳಿದು ಹೋಗುತ್ತಿದ್ದರು.

"ಅಜ್ಜಾ, ಆಪ್ ಪ್ಲೀಸ್ ಚುಪ್ ಬೈಠೋ, ಮೈ ಬೇಚೂಂಗಿ" ಎಂದು ಮಗಳು ಕೈ ಮುಗಿದಳು, ಇನ್ನು ಮಾರುವ ಕೆಲಸ ಅವಳದಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ಅವಳ ಅದೃಷ್ಟಕ್ಕೆ ಕಲ್ಯಾಣದಿಂದ ಒಬ್ಬ ತರುಣ ಬಂದ. ಜಿಮ್ಮಿನ ಮೈಕಟ್ಟು, ಹೆಲ್ಮೆಟ್ ತಲೆಯ ಬದಲು ಮೊಣಕೈಗೆ. ಎಮ್ಮೆ, ಹಿಟ್ಟು, ಚಪ್ಪಲಿ ಎಲ್ಲ ಕಥೆಗಳನ್ನೂ ಮಾವನವರು ಹೇಳಿದರು. ಅವನು ಪ್ರತಿ ಕಥೆಗೂ "ಕ್ಯಾ ಬಾತ್ ಹೈ ಅಂಕಲ್!" ಎನ್ನುತ್ತ ತೊಡೆ ತಟ್ಟಿದ. "ಡರ್ ನಹೀ ಲಗತಾ?" ಹೆದರಿಕೆಯಾಗುವುದಿಲ್ಲವೇ ಎಂದು ಮಾವನವರು ಕೇಳಿದರೆ, "ಡರ್? ಅಪನ್ ಕೋ? ಏಕ್ ಸೌ ಚಾಲೀಸ್ ಪೇ ವಿಡಿಯೋ ಬನಾಕೇ ಭೇಜತಾ ಹೂಂ ಆಪ್ ಕೋ" ಎಂದ. ನೂರ ನಲವತ್ತರ ವೇಗದಲ್ಲಿ ಓಡಿಸಿ ವಿಡಿಯೋ ಕಳಿಸುತ್ತಾನಂತೆ! ನಾನು ಒಳಗೆ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಕೊನೆಗೂ ಗಿರಾಕಿ ಸಿಕ್ಕಿದನಲ್ಲ!

ಹೊರಗೆ ಬಂದರೆ ಮಾವನವರು ಅವನ ಕೈ ಹಿಡಿದುಕೊಂಡು ಹೇಳುತ್ತಿದ್ದರು: "ಮಾಫ್ ಕರೋ ಬೇಟಾ. ಗಾಡಿ ನಿನ್ನೆಯೇ ಬಿಕ್ ಗಯಾ."

ನಿನ್ನೆಯೇ ಮಾರಿಹೋಯಿತಂತೆ! ನನಗೆ ಮೈಯೆಲ್ಲ ಉರಿದುಹೋಯಿತು! ಎರಡು ತಿಂಗಳಲ್ಲಿ ಎಷ್ಟು ಪ್ಯಾಕೆಟ್ ಹಾಲು, ಎಷ್ಟು ಶುಂಠಿ! ಆ ದಿನ ನಾನು ಸೊಸೆ ಎನ್ನುವುದನ್ನೂ ಮರೆತು ಬಾಯಿಗೆ ಬಂದದ್ದು ಹೇಳಿದೆ. "ಕೊಡೂ ಮನಸ್ ಇಲ್ಲಂದ್ರ ಇಲ್ಲ ಅಂತ ಹೇಳ್ರಿ. ಬಂದವರನ್ನೆಲ್ಲ ಅಂಜಿಸಿ ಓಡಸ್ತೀರಿ, ಅಂಜಲಾರದಾಂವ ಬಂದ್ರ ಸುಳ್ಳ ಹೇಳಿ ಕಳಸ್ತೀರಿ. ಸೋಮವಾರ ಭಂಗಾರದಾಂವ ಬಂದಾಗ ನನ್ನ ಕೇಳಬ್ಯಾಡ್ರಿ ಮತ್ತ!" ಮಾವನವರು ಪೇಪರ್ ಓದುತ್ತ ಕೂತರು. ಪೇಪರ್ ತಲೆಕೆಳಗಾಗಿತ್ತು.

ಕೊನೆಯ ರವಿವಾರಕ್ಕೆ ಒಂದು ವಾರವಿರುವಾಗ ಕಾಮೋಠೆಯಿಂದ ಒಬ್ಬ ಬಂದ. ಕನ್ನಡಕ, ಇಸ್ತ್ರಿ ಅಂಗಿ, ಇಪ್ಪತ್ತೆಂಟರ ವಯಸ್ಸು. ದಿವಾದಲ್ಲಿ ಟ್ರೇನು ಬದಲಿಸುವಾಗ ಅಂಗಿಯ ಎರಡು ಗುಂಡಿ ಕಳೆದುಕೊಂಡು ಬಂದಿದ್ದ. ಅವನ ಅಜ್ಜ ಉಡುಪಿ ಕಡೆಯವರಂತೆ, ಹೋಟೆಲಿನವರೇ. ನಾವು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಕಥೆಗಳನ್ನೆಲ್ಲ ನಗದೆ ಕೇಳಿದ. ಎಮ್ಮೆಯ ಕಥೆಗೂ ನಗಲಿಲ್ಲ! ಕಾಂಪೌಂಡಿನಲ್ಲಿ ಎರಡು ಸುತ್ತು ಹೊಡೆದು ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಂಕಲ್, ಮುಝೆ ಬಹುತ್ ಡರ್ ಲಗಾ" ಎಂದು ಕೀಲಿ ಮಾವನವರ ಕೈಗಿಟ್ಟು, ಚಹಾ ಕುಡಿದು ಹೊರಟುಹೋದ.

ಅಲ್ಲಿಗೆ ಅದೂ ಆಯಿತು ಎಂದುಕೊಂಡೆ. ಮಾವನವರನ್ನು ನೋಡಿದರೆ, ಎರಡು ತಿಂಗಳಲ್ಲಿ ಮೊದಲ ಸಲ ಮುಖ ಅರಳಿದೆ! "ಇವ ತಿರುಗಿ ಬಂದ್ರೆ ಕೊಡುವ" ಎಂದರು.

"ಅಂಜಿ ಓಡಿ ಹೋದಾಂವ ತಿರುಗಿ ಬರ್ತಾನೇನ್ರಿ?"

"ಹೆದರಿ ಬಂದವನಿಗೇ ಕೊಡುದು" ಎಂದರು. ಇವರಿಗೆ ಅರಳು ಮರಳು ಶುರುವಾಯಿತೆಂದು ನಾನು ಗಂಡನಿಗೆ ಹೇಳಿದೆ.

ಬಂದ! ಕೊನೆಯ ರವಿವಾರ ಬೆಳಿಗ್ಗೆ ಹತ್ತಕ್ಕೆ. ತಲೆಗೆ ಹೆಲ್ಮೆಟ್, ಮಂಡಿಗೆ ಮೊಣಕೈಗೆ ಕವಚ, ಜೊತೆಗೆ ಒಬ್ಬ ಮೆಕ್ಯಾನಿಕ್. ಮೊದಲು ಬ್ರೇಕಿನ ಕೆಲಸ ಮಾಡಿಸಿ, ಆಮೇಲೆ ಒಯ್ಯುತ್ತೇನೆಂದ. ಕೆಲಸ ಮುಗಿಯಲು ಹನ್ನೆರಡಾಯಿತು. ಮಾವನವರು ಅವನ ಹೆಲ್ಮೆಟಿನ ಪಟ್ಟಿಯನ್ನು ತಾವೇ ಎಳೆದು ನೋಡಿದರು. ಪೆಟ್ರೋಲ್ ಟ್ಯಾಂಕನ್ನು ಒಂದು ಸಲ ಸವರಿದರು. "ಮುಟ್ಟಿದ ಕೂಡ್ಲೆ ಫೋನ್ ಮಾಡು" ಎಂದಷ್ಟೇ ಹೇಳಿದರು. ಗಾಡಿ ಗೇಟು ದಾಟಿ, ಪನ್ವೇಲಿಗೆ ಹೋಗುವ ಶೀಳ್ ಫಾಟಾದ ದಾರಿ ಹಿಡಿಯಿತು. ನಮಗೆಲ್ಲ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಒಂದು ಗಂಟೆಗೆ ಊಟಕ್ಕೆ ಕರೆದೆ. ಮಾವನವರು ಕಿಟಕಿಯ ಹತ್ತಿರ ಮೊಬೈಲ್ ಹಿಡಿದು ಕೂತಿದ್ದರು, ಏಳಲಿಲ್ಲ. ಒಂದೂವರೆಗೆ ಮತ್ತೆ ಕರೆಯಲು ಹೊರಟರೆ ಅತ್ತೆ ನನ್ನ ಕೈ ಹಿಡಿದರು. "ಕರೀಬೇಡ. ಫೋನ್ ಬರ್ಲಿ" ಎಂದರು. ಅತ್ತೆ ಆ ಗಾಡಿಯ ವಿಷಯದಲ್ಲಿ ಹೀಗೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೋಗಿ ಮಾವನವರ ಪಕ್ಕದಲ್ಲಿ ಕೂತೆ.

"ಯಾಕ್ರಿ ಮಾಮಾರ? ಅರಾಮ ಇಲ್ಲೇನು?"

ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದರು. "ನನಗೊಬ್ಬ ದೋಸ್ತ ಇದ್ದ. ನಮ್ಮ ಹೋಟೆಲಿನ ಸ್ಟೋರ್ ನೋಡ್ಕೊಳ್ತಿದ್ದ, ಕುಂದಾಪುರದವ. ಇಬ್ಬರ ಹತ್ರವೂ ಇದೇ ಗಾಡಿ, ಒಟ್ಟಿಗೇ ತಗೊಂಡದ್ದು. ರಜೆ ದಿನ ಪನ್ವೇಲಿಗೆ ಹೋಗುದು, ಯಾರು ಮೊದಲು ಮುಟ್ಟುದು ಅಂತ. ಯಾವಾಗ್ಲೂ ಅವನೇ. ಅವನಿಗೆ ಹೆದರಿಕೆ ಅನ್ನುದೇ ಇಲ್ಲ. ನಾನು ಹೆದರ್ತಿದ್ದೆ, ಅವ ನಗಾಡ್ತಿದ್ದ."

ಅವರು ಮತ್ತೆ ಕಿಟಕಿಯ ಹೊರಗೆ ನೋಡಿದರು.

"ಆ ದಿನ ಶೀಳ್ ಫಾಟಾದ ಹತ್ರ ನಾನು ಮುಂದೆ ಹೋದೆ. ಅವ ಹಿಂದೆಯೇ ಇದ್ದ. ತಿರುಗಿ ನೋಡಿದ್ರೆ ಸೋಲ್ತೇನೆ ಅಂತ ನೋಡ್ಲಿಲ್ಲ. ಪನ್ವೇಲಿಗೆ ಮೊದಲು ಮುಟ್ಟಿದೆ. ಖುಷಿ ಅಂದ್ರೆ ಖುಷಿ! ಚಾ ಹೇಳಿದೆ. ಅವ ಬರ್ಲಿ, ತಮಾಷೆ ಮಾಡುವ ಅಂತ ಇನ್ನೊಂದು ಹೇಳಿದೆ. ಎರಡು ಚಾ ಕುಡ್ದೆ ಮಾರಾಯ್ತಿ. ಅವ ರಸ್ತೆ ಬದಿಯಲ್ಲಿ ಬಿದ್ದಿದ್ದಾನೆ, ನಾನಿಲ್ಲಿ ಎರಡು ಚಾ ಕುಡ್ದೆ."

ಎರಡು ತಿಂಗಳಿಂದ ಇವರನ್ನು ಎಷ್ಟೊಂದು ಅಂದಿದ್ದೆನಲ್ಲ! ಗಾಡಿಯ ಮೇಲಿನ ಆಸೆಗೆ ಹೀಗೆ ಮಾಡುತ್ತಾರೆಂದು ತಿಳಿದಿದ್ದೆ. ಬಂದವರಲ್ಲಿ ಯಾರು ಸಾಯುವುದಿಲ್ಲ ಎಂದು ಇವರು ಹುಡುಕುತ್ತಿದ್ದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಎರಡು ಹೊಡೆಯಿತು. ಎರಡೂಕಾಲು. ಹನ್ನೆರಡಕ್ಕೆ ಹೊರಟವನಿಗೆ ಕಾಮೋಠೆ ಒಂದು ಗಂಟೆಯ ದಾರಿ. ನನ್ನ ಗಂಡ ಬಂದು ಬಾಗಿಲಲ್ಲಿ ನಿಂತರು. ಮಗಳು ಬಂದು ಅಜ್ಜನ ಕುರ್ಚಿಯ ಕೈ ಹಿಡಿದು ನೆಲದ ಮೇಲೆ ಕೂತಳು.

ಎರಡೂವರೆಗೆ ಫೋನ್ ಬಂತು. ಮಾವನವರು ಅದನ್ನು ಮುಂದೆ ಚಾಚಿದರು, ಮಗಳೇ ಒತ್ತಿ ಸ್ಪೀಕರಿಗೆ ಹಾಕಿದಳು.

"ಅಂಕಲ್, ಪಹುಂಚ್ ಗಯಾ. ಸಾರಿ ಹಾಂ, ಬಹುತ್ ಟೈಮ್ ಲಗಾ. ಪೂರಾ ರಾಸ್ತಾ ಏಕ್‌ದಮ್ ಸ್ಲೋ ಆಯಾ. ರಿಕ್ಷಾವಾಲೇ ಭೀ ಹಸ್ ರಹೇ ಥೇ."

ರಿಕ್ಷಾದವರೂ ನಗುವಷ್ಟು ನಿಧಾನವಾಗಿ ಬಂದನಂತೆ! ಮಾವನವರು ಫೋನನ್ನು ಎದೆಗೆ ಒತ್ತಿಕೊಂಡು ಅಡಿಗೆಮನೆಯ ಕಡೆ ತಿರುಗಿ, ಬಿಲ್ಡಿಂಗಿಗೆಲ್ಲ ಕೇಳುವಂತೆ ಕೂಗಿದರು.

"ಕೇಳಿತಾ? ಅವ ಮುಟ್ಟಿದ!"

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಎಪ್ಪತ್ತೆರಡು ವರ್ಷದ ಮಾವನವರು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅತ್ತೆ ಅವರ ಬೆನ್ನು ಸವರಿ, "ಹ್ಞಾಂ, ಮುಟ್ಟಿದ. ಇನ್ನು ನೀವು ಉಣ್ಣಿ" ಎಂದರು.