ದೊಡ್ಡ ಮಂದಿಗೆ ತ್ರಾಸ ಆಗಬಾರದು

ಕೂಸು ಅಳುವುದು ಒಂದು ಅಪರಾಧ ಎಂಬ ಸಂಗತಿ ಮೂವತ್ತು ದಾಟುವವರೆಗೂ ನನಗೆ ಗೊತ್ತೇ ಇರಲಿಲ್ಲ. ನಮ್ಮ ಐನಾಪುರದಲ್ಲಿ ಕೂಸು ಅತ್ತರೆ ಹಸಿವಾಗಿದೆ ಅನ್ನುತ್ತಿದ್ದರು, ಹೊಟ್ಟೆ ನೋಯುತ್ತಿದೆ ಅನ್ನುತ್ತಿದ್ದರು. ಎರಡೂ ಅಲ್ಲದಿದ್ದರೆ ಯಾರದೋ ಕಣ್ಣು ಬಿದ್ದಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಕೂಸಿಗೆ ಮರ್ಯಾದೆ ಗೊತ್ತಿಲ್ಲ, ಅದನ್ನು ಹೆತ್ತವರಿಗೆ ಮೊದಲೇ ಗೊತ್ತಿಲ್ಲ ಎಂದು ಮಾತ್ರ ಯಾರೂ ಅಂದಿರಲಿಲ್ಲ. ಆ ಜ್ಞಾನ ಸಂಪಾದಿಸಲು ನಾನು ನೆಲ ಬಿಟ್ಟು ಆಕಾಶಕ್ಕೇ ಹೋಗಬೇಕಾಯಿತು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಾನು ಎಂಟನೆಯ ತರಗತಿಗೆ ಪಾಣಿಪತದ ಯುದ್ಧ ಹೇಳಿದರೆ ಹತ್ತನೆಯವರೂ ಕೂತಲ್ಲೇ ಬರೆದುಕೊಳ್ಳುತ್ತಾರೆ ಎಂದು ಹೆಡ್‌ಮಾಸ್ತರರು ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದೇ ನಾನು ತಿಳಿದಿದ್ದೆ. ಹೆಂಡತಿ ಸುಮಿತ್ರಾಳ ಅಣ್ಣ ಮುಂಬಯಿಯಲ್ಲಿ ದ್ರಾಕ್ಷಿ ವ್ಯಾಪಾರದಲ್ಲಿ ಕುದುರಿಕೊಂಡು ಹೊಸ ಫ್ಲಾಟು ಕೊಂಡಿದ್ದ. ಅದರ ವಾಸ್ತುಶಾಂತಿಗೆಂದು ನನಗೆ, ಸುಮಿತ್ರಾಳಿಗೆ, ನನ್ನ ಅವ್ವನಿಗೆ ಬೆಳಗಾವಿಯಿಂದ ವಿಮಾನದ ಟಿಕೆಟ್ಟನ್ನೇ ಕಳಿಸಿದ. ಎಂಟು ತಿಂಗಳ ಮಗಳು ಸಂಗೀತಾ ತಾಯಿಯ ತೊಡೆಯ ಮೇಲೆ. ಇದು ತಂಗಿಯ ಮೇಲಿನ ಪ್ರೀತಿ ಎಂದಳು ಸುಮಿತ್ರಾ. ಬೀಗರ ಮುಂದೆ ಮೆರೆಯುವ ಹುಕಿ ಎಂದೆ ನಾನು. ಟಿಕೆಟ್ಟಿನ ಬೆನ್ನಿಗೇ ಪಕ್ಕದ ಮನೆಯ ಫೋನಿಗೆ ಅವನ ಟ್ರಂಕ್ ಕಾಲ್ ಬಂತು.

"ಮಾಸ್ತರ, ಕೂಸಿನ್ನ ಅಳಗೊಡಬ್ಯಾಡ್ರಿ. ನಿಮ್ಮ ಅಥಣಿ ಬಸ್ಸಿನ್ಯಾಗ ಮಾಡಿದಂಗ ಇಲ್ಲಿ ನಡಿಯೂದಿಲ್ಲ. ವಿಮಾನದಾಗ ದೊಡ್ಡ ದೊಡ್ಡ ಮಂದಿ ಕುಂತಿರ್ತಾರ. ಅವರಿಗೆ ತ್ರಾಸ ಆಗಬಾರದು ನೋಡ್ರಿ."

ಅಥಣಿ ಬಸ್ಸಿಗೆ ಏನಾಗಿದೆಯಂತೆ? ಸಾಲು ಸಾಲು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಒಪ್ಪಿದೆ. ಆದರೆ ಕೂಸು ಎತ್ತಿಕೊಂಡು ಹತ್ತಿದವರು ಯಾರನ್ನೂ ಬೇಡಬೇಕಾಗಿಲ್ಲ. ಕೂತವರ ತೊಡೆ ಅಂದರೆ ಕೂಸಿನ ಹಕ್ಕಿನ ಜಾಗ. ಇವರು ಕೊಡುತ್ತಾರೆ, ಅವರು ಹಿಡಿಯುತ್ತಾರೆ, ಹೆಸರು ಕುಲ ಆಮೇಲೆ. ಒಮ್ಮೆ ಅಥಣಿಯಲ್ಲಿ ಮುಂದಿನ ಬಾಗಿಲಲ್ಲಿ ಯಾರದೋ ಕೈಗೆ ಕೊಟ್ಟ ಮಗಳನ್ನು ಚಿಕ್ಕೋಡಿಯಲ್ಲಿ ಕೊನೆಯ ಸೀಟಿನಿಂದ ಇಳಿಸಿಕೊಂಡಿದ್ದೇನೆ. ಕೈಯಲ್ಲೊಂದು ಬಿಸ್ಕತ್ತು, ತಲೆಯ ಮೇಲೆ ಯಾರೋ ಮುದುಕನ ಗಾಂಧಿ ಟೋಪಿ. ಇಂಥ ಬಸ್ಸನ್ನು ಹೀಯಾಳಿಸಿದವನಿಗೆ ವಾಸ್ತುಶಾಂತಿಯ ಊಟದ ಪಂಗತಿಯಲ್ಲಿ ನಮ್ಮನ್ನು ನೋಡಿ ನಗುವ ಅವಕಾಶ ಕೊಡಕೂಡದು ಎಂದು ಅಂದೇ ಪಣ ತೊಟ್ಟೆ. ಕೂಸಿನಿಂದ ಒಂದು ಕುಂಯ್ ಸಹ ಹೊರಡಬಾರದು. ಅವ್ವ ಬಜೆ ಬೇರು, ಓಮಿನ ನೀರು, ಕಿವಿಗಿಡಲು ಹತ್ತಿ, ಬೆಚ್ಚನೆಯ ಕುಂಚಿಗೆ ಎಲ್ಲ ಚೀಲಕ್ಕೆ ತುಂಬಿದಳು. ಸುಮಿತ್ರಾ ಮಾತ್ರ, "ಕೂಸು ಸುಮ್ನಿರತೈತಿ, ನೀವು ಸುಮ್ನಿರ್ರಿ" ಎಂದಳು. ಹೆಂಗಸರ ಮಾತು ಎಂದು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಮಾನ ಏನೂ ದೊಡ್ಡದಲ್ಲ. ಆ ಕಡೆ ಎರಡು, ಈ ಕಡೆ ಎರಡು ಸೀಟು, ನಡುವೆ ಓಣಿ. ಕಿಟಕಿಗೆ ಸುಮಿತ್ರಾ ಮತ್ತು ಕೂಸು, ಪಕ್ಕದಲ್ಲಿ ನಾನು. ಓಣಿಯ ಆಚೆ ಅವ್ವ, ಅವಳ ಪಕ್ಕದ ಕಿಟಕಿಗೆ ಟೈ ಕಟ್ಟಿದ ಒಬ್ಬ ಗೃಹಸ್ಥ. ಅಂಗಿಯ ಮೇಲೆ ಒಂದು ಸುಕ್ಕಿಲ್ಲ, ಮುಖದ ಮೇಲೆ ಒಂದು ನಗೆಯಿಲ್ಲ. ಅವ್ವ ಪದ್ಧತಿಯಂತೆ "ಯಾವೂರ್ರಿ ನಿಮ್ದು?" ಎಂದು ಕೇಳಿದರೆ ಆ ಮಹಾಶಯ ಪತ್ರಿಕೆಯನ್ನು ಮುಖದ ಮುಂದೆ ಗೋಡೆಯ ಹಾಗೆ ಎತ್ತಿಕೊಂಡ. ನನಗೆ ಅಲ್ಲಿಗೇ ಅರ್ಧ ರಕ್ತ ಕುದಿಯಿತು.

ವಿಮಾನ ಏರುತ್ತಿದ್ದ ಹಾಗೆ ನನ್ನ ಕಿವಿಯೇ ಕಟ್ಟಿತು, ಇನ್ನು ಕೂಸಿನ ಕಿವಿ ಬಿಟ್ಟೀತೆ? ಹತ್ತಿಯನ್ನು ಕಿತ್ತೆಸೆದು ಸಂಗೀತಾ ದನಿ ತೆಗೆದಳು. ಹಾಲು ಬೇಡ, ಗಿಲಕಿ ಬೇಡ, ಅಪ್ಪನಂತೂ ಬೇಡವೇ ಬೇಡ. ಆಗ ಓಣಿಯ ಆಚೆಯಿಂದ ಒಂದು ಸದ್ದು ಬಂತು. "ಚ್ಚ್!" ಅಷ್ಟೇ. ಪತ್ರಿಕೆ ಒಂದಿಷ್ಟು ಇಳಿದು, ಎರಡು ಕಣ್ಣು ನಮ್ಮನ್ನು ನೋಡಿ, ಮತ್ತೆ ಮೇಲೇರಿತು. ಆ ಒಂದು "ಚ್ಚ್"ನಲ್ಲಿ ನನ್ನ ವಂಶ, ನನ್ನ ಊರು, ಅಥಣಿ ಬಸ್ಸು ಎಲ್ಲ ಇದ್ದವು. ನಾನು ತಟ್ಟನೆ ಎದ್ದೆ. ಬೆಲ್ಟು ಜಗ್ಗಿ ಕೂಡಿಸಿತು. ಕೂತೇ ಶುರು ಮಾಡಿದೆ.

"ಏನ್ರಿ, ನೀವೇನು ನಕ್ಕೋತ ಹುಟ್ಟಿದ್ರೇನು? ಟೈ ಕಟಗೊಂಡs ಬಂದ್ರೇನು ಹೊಟ್ಟ್ಯಾಗಿಂದ? ಕಿವಿ ನೊಂದ್ರ ಕೂಸು ಅಳಬಾರದೇನ್ರಿ? ಅದಕ್ಕ ಬಾಯಿ ಬರೂದಿಲ್ಲ, ಅತ್ತs ಹೇಳಬೇಕು!"

ನನ್ನ ದನಿ ಏರಿದಂತೆ ಮಗಳ ದನಿಯೂ ಏರಿತು. ಅವಳನ್ನು ಮೀರಿ ಕೇಳಿಸಬೇಕಲ್ಲ ಎಂದು ನಾನು ಇನ್ನಷ್ಟು ಏರಿದೆ. ಸುಮಿತ್ರಾ ತೊಡೆ ಚಿವುಟಿದಳು. ಗಗನಸಖಿ ಬಂದು ಕೈಮುಗಿದು ಏನೋ ಹೇಳಿದಳು. ಅವಳಿಗೂ ಸೇರಿಸಿ, ಸಹಪ್ರಯಾಣಿಕ ಎಂದರೆ ಯಾರು, ಮನುಷ್ಯತ್ವ ಎಂದರೇನು ಎಂದು ವಿವರಿಸತೊಡಗಿದೆ. ಪಾಠ ಸಾಗಿರುವಾಗಲೇ ಅವ್ವ ಓಣಿ ದಾಟಿ ಕೈ ಚಾಚಿ ಸೊಸೆಯಿಂದ ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡವಳು ತನ್ನ ತೊಡೆಯ ಮೇಲೆ ಇಟ್ಟುಕೊಂಡಳೇ? ಇಲ್ಲ. ಪತ್ರಿಕೆಯನ್ನು ಸರಿಸಿ ನೆಟ್ಟಗೆ ಆ ಗೃಹಸ್ಥನ ತೊಡೆಯ ಮೇಲೆ ಕೂಡಿಸಿದಳು.

"ಒಂದೀಟು ಹಿಡೀರಿಯಪ್ಪಾ. ಚೀಲದಾಗ ಬಜೆ ಐತಿ, ಹುಡುಕತೀನಿ."

ಮುಗಿಯಿತು, ಇನ್ನು ಪಂಗತಿಯಲ್ಲಿ ತಲೆಯೆತ್ತುವ ಹಾಗಿಲ್ಲ ಎಂದುಕೊಂಡೆ. ಆ ಮನುಷ್ಯ ಬರಿಗೈಯಲ್ಲಿ ಬಿಸಿ ಪಾತ್ರೆ ಹಿಡಿದವನ ಹಾಗೆ ಕೂಸನ್ನು ಹಿಡಿದು ಆಚೀಚೆ ನೋಡಿದ. ಅವ್ವ ಆಗಲೇ ಚೀಲದಲ್ಲಿ ಮುಳುಗಿದ್ದಳು. ಸಂಗೀತಾ ಅವನ ಮುಖ ನೋಡಿದಳು, ಟೈ ನೋಡಿದಳು, ಟೈಯನ್ನು ಬಾಯಿಗಿಟ್ಟು ಚೀಪತೊಡಗಿದಳು. ಚೀಪಿದರೆ, ನುಂಗಿದರೆ ಕಿವಿ ಬಿಡುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಆಗ ನನಗೆ ಗೊತ್ತಾದದ್ದು ಇಷ್ಟೇ: ಹೆತ್ತ ಅಪ್ಪ ಅವಳ ಪರವಾಗಿ ಗಂಟಲು ಹರಿದುಕೊಳ್ಳುತ್ತಿರುವಾಗ ಆಕೆ ವೈರಿಯ ತೊಡೆಯ ಮೇಲೆ ಸುಮ್ಮನಾದಳು. ಅವನು ಕಿಟಕಿಯತ್ತ ಬೆರಳು ಮಾಡಿ ಮರಾಠಿಯಲ್ಲಿ ಮೋಡ ತೋರಿಸಿದ. ಇವಳು ಕೇಕೆ ಹಾಕಿದಳು. ಇಂಥ ಕೃತಘ್ನತೆಯನ್ನು ಪಾಣಿಪತದ ಪಾಠದಲ್ಲೂ ನಾನು ಕಂಡಿರಲಿಲ್ಲ.

"ನೋಡಿದ್ರೇನು? ಹಿಡಕೊಂಡ್ರ ಸುಮ್ನಾಗತಾವ! ಇದನ್ನs ನಾ ಆಗಿಂದ ಹೇಳಾಕತ್ತಿದ್ದು..." ಎಂದು ನಾನು ಬಿಟ್ಟ ಪಾಠ ಮತ್ತೆ ಎತ್ತಿಕೊಂಡೆ. ಸ್ವಲ್ಪ ಹೊತ್ತು ಹೇಳಿರಬೇಕು. ಆತ ತುಟಿಯ ಮೇಲೆ ಬೆರಳಿಟ್ಟ.

"ಗುರುಜಿ, ಹಳೂ ಬೋಲಾ. ಬಾಳ ಝೋಪಲಂಯ." ಮೆಲ್ಲಗೆ ಮಾತಾಡಿ, ಕೂಸು ಮಲಗಿದೆ ಅಂತ. ನಾನು ಮಾಸ್ತರ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಸಾಲಿನವರು, ಹಿಂದಿನ ಸಾಲಿನವರು ಎಲ್ಲ ನನ್ನತ್ತ ನೋಡಿದರು. ಒಬ್ಬರಂತೂ "ಚ್ಚ್" ಎಂದರು.

ಮುಂಬಯಿಯಲ್ಲಿ ಇಳಿದು ಹೊರಗೆ ಬಂದರೆ ಹೆಂಡತಿಯ ಅಣ್ಣ ನಿಂತಿದ್ದ. "ಯಾರಿಗೂ ತ್ರಾಸ ಆಗಲಿಲ್ಲ ಹೌದಲ್ರಿ ಮಾಸ್ತರ?" ಎಂದ. ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒದ್ದೆ ಟೈಯಿನ ಆ ಗೃಹಸ್ಥ ಬ್ಯಾಗು ಹಿಡಿದು ಬಂದ. ಮಗಳ ಗಲ್ಲ ಮುಟ್ಟಿ, ಕೂಸು ಬಹಳ ಶಾಂತ, ಅದರ ಅಪ್ಪನೇ ಸ್ವಲ್ಪ, ಎಂದು ಮರಾಠಿಯಲ್ಲಿ ಅಂದು, ಉಳಿದದ್ದನ್ನು ಕೈಯಿಂದ ತೋರಿಸಿ ಹೋದ. ವಾಸ್ತುಶಾಂತಿಯ ಪಂಗತಿಯಲ್ಲಿ ಬಡಿಸಿದ ಹೋಳಿಗೆಗಿಂತ ಆ ಮಾತೇ ಹೆಚ್ಚು ಸಲ ಬಡಿಸಲ್ಪಟ್ಟಿತು.

ಮರಳಿ ಹೊರಡುವ ದಿನ ಅವ್ವ, ಸುಮಿತ್ರಾ, ಕೂಸಿಗೆ ವಿಮಾನದ ಟಿಕೆಟ್ ಬಂತು. ನನ್ನ ಕೈಗೆ ಮಿರಜದ ರೈಲಿನದು. "ತಪ್ಪ ತಿಳೀಬ್ಯಾಡ್ರಿ ಮಾಸ್ತರ. ದೊಡ್ಡ ಮಂದಿಗೆ ತ್ರಾಸ ಆಗಬಾರದು ನೋಡ್ರಿ" ಎಂದ ಪುಣ್ಯಾತ್ಮ.

ಇದು ಎಂಥ ಅನ್ಯಾಯ ಎಂಬುದನ್ನು ರೈಲಿನ ಡಬ್ಬಿಯಲ್ಲಿದ್ದ ಎಲ್ಲರಿಗೂ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಒಳ್ಳೆಯ ಜನ, ಎಲ್ಲರೂ ಹೌದು ಹೌದು ಎಂದರು. ಎದುರಿನ ಸೀಟಿನ ಹೆಂಗಸಂತೂ ಮನಸ್ಸಿಟ್ಟು ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಚೀಲದಿಂದ ಹತ್ತಿ ತೆಗೆದು, ಮಲಗಿದ್ದ ತನ್ನ ಕೂಸಿನ ಎರಡೂ ಕಿವಿಗೆ ಮೆಲ್ಲಗೆ ತುರುಕಿದಳು.