ಸಾಹೇಬನಿಲ್ಲದ ಸಾಹೇಬರ ಟೋಪಿ

ನಾವು ಹೆತ್ತ ಮಕ್ಕಳು ದೊಡ್ಡವರಾಗಿ ನಮಗೇ ಬುದ್ಧಿ ಹೇಳಿದರೆ ಹೇಗೋ ಸಹಿಸಬಹುದು. ನಾವು ಹುಟ್ಟಿಸಿದ ಸುಳ್ಳು ಬೆಳೆದು ದೊಡ್ಡದಾಗಿ ನಮ್ಮನ್ನೇ ತಿದ್ದಲು ಬಂದರೆ ಸಹಿಸುವುದು ಕಷ್ಟ. ಹೋದ ತಿಂಗಳು ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತಿದ್ದ ಗೃಹಸ್ಥರೊಬ್ಬರು ತೊಡೆಯ ಮೇಲೆ ಗರಿ ಹೆಣೆದ ಟೋಪಿಯೊಂದನ್ನು ಇಟ್ಟುಕೊಂಡಿದ್ದರು. "ಇದರ ಇತಿಹಾಸ ಗೊತ್ತೈತೇನ್ರಿ ಯಜಮಾನ್ರ? ಬ್ರಿಟಿಷರ ಕಾಲದಾಗ ಒಬ್ಬ ಕಲೆಕ್ಟರ್ ಸಾಹೇಬ ಮದಗದ ಕೆರಿ ಏರಿ ಮ್ಯಾಲ ಬಿಸಲಿಗೆ ತಲಿ ತಿರಗಿ ಸಾರೋಟಿನಿಂದ ಬಿದ್ನಂತ. ಆಗ ಅಂವಗ ಹಳ್ಳ್ಯಾವರು ಹೆಣದು ಕೊಟ್ಟ ಟೋಪಿ ಇದು" ಎಂದು ಶುರುಮಾಡಿದರು. ನನಗೆ ತಡೆಯಲಾಗಲಿಲ್ಲ. "ಸಾರೋಟಲ್ರಿ, ಕುದರಿ ಮ್ಯಾಲಿಂದ ಬಿದ್ದ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೊತ್ತಿಲ್ದಿದ್ರ ಸುಮ್ನಿರಬೇಕ್ರಿ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಸಾಹೇಬನನ್ನು ಹುಟ್ಟಿಸಿದವನು ನಾನು. ಅವನಿಗೆ ಕುದುರೆ ಕೊಟ್ಟವನೂ ನಾನು. ನನ್ನನ್ನು ಒಂದು ಮಾತು ಕೇಳದೆ ಸಾರೋಟು ಕೊಡಲು ಇವರು ಯಾರು?

ಈಗ ನಡೆದದ್ದನ್ನು ಹೇಳಿಬಿಡುತ್ತೇನೆ. ಹತ್ತಿಮತ್ತೂರಿನಲ್ಲಿ ನಮ್ಮ ಪಕ್ಕದ ಮನೆಯ ಗಂಗವ್ವ ಈ ಟೋಪಿಗಳನ್ನು ಹೆಣೆಯುತ್ತಾಳೆ. ಜನ ಹುಲ್ಲಿನ ಟೋಪಿ ಅನ್ನುತ್ತಾರೆ. ಅದು ಈಚಲ ಗರಿ. ಎಳೆಯ ಗರಿಗಳನ್ನು ನೆರಳಲ್ಲಿ ಒಣಗಿಸಿ, ಉಗುರಿನಿಂದ ಸೀಳಿ, ನೀರು ಚಿಮುಕಿಸಿ, ಹೆಣ್ಣುಮಕ್ಕಳ ಜಡೆಯಂತೆ ಉದ್ದಕ್ಕೆ ಹೆಣೆದುಕೊಳ್ಳುತ್ತಾಳೆ. ಆಮೇಲೆ ಆ ಜಡೆಯನ್ನು ನೆತ್ತಿಯಿಂದ ಸುತ್ತುತ್ತ, ಸುತ್ತಿಗೆ ಸುತ್ತು ಸೇರಿಸಿ ದಬ್ಬಣದಿಂದ ಹೊಲಿಯುತ್ತಾಳೆ. ಒಂದು ಟೋಪಿಗೆ ಎರಡು ದಿನ. ಒಮ್ಮೆ ನಾನೂ ಪ್ರಯತ್ನಿಸಿದೆ. ಅದು ಟೋಪಿಯೂ ಆಗಲಿಲ್ಲ, ಬುಟ್ಟಿಯೂ ಆಗಲಿಲ್ಲ. ಈಗ ಅದರಲ್ಲಿ ನಮ್ಮ ಕೋಳಿ ಮೊಟ್ಟೆ ಇಡುತ್ತದೆ. ಗಂಗವ್ವನಿಗೆ ಈ ವಿದ್ಯೆ ಬಂದದ್ದು ತವರೂರು ಮಾಸೂರಿನ ಅವಳ ತಾಯಿ ಬಸವ್ವನಿಂದ. ಬಸವ್ವ ಅಲ್ಲಿನ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕಳೆ ತೆಗೆಯುವ ಕೂಲಿ ಮಾಡುತ್ತಿದ್ದಳಂತೆ. ಬಗ್ಗಿದರೆ ತಲೆಯ ಮೇಲಿನ ಸೆರಗು ಜಾರುತ್ತದೆ, ಎದ್ದರೆ ಬುಟ್ಟಿ ಹೊರಬೇಕು. ಚಾಪೆ ಹೆಣೆಯುವ ಕೈ ಅವಳದು. ಎರಡೂ ತಾಪತ್ರಯಕ್ಕೆ ಒಂದೇ ಉಪಾಯ ಹುಡುಕಿದಳು. ಸುತ್ತ ಅಗಲ ಅಂಚು, ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು ಬುಟ್ಟಿ ಕೂರಿಸುವಷ್ಟು ಸಮತಟ್ಟಾದ ನೆತ್ತಿ.

ಇಷ್ಟು ಚಂದದ ನಿಜ ಕೈಯಲ್ಲಿದ್ದೂ ನಾನು ಸುಳ್ಳು ಹೇಳಿದೆ. ಹೋದ ವರ್ಷ ಶಿಗ್ಗಾವಿಯ ಒಂದು ಪ್ರದರ್ಶನದಲ್ಲಿ ಗಂಗವ್ವನ ಜೊತೆ ಕುಳಿತಿದ್ದೆ. ಮಧ್ಯಾಹ್ನವಾದರೂ ಒಂದು ಟೋಪಿಯೂ ಹೋಗಿರಲಿಲ್ಲ. ಅವಳು ಚಹಾ ಕುಡಿಯಲು ಹೋದಾಗ ಕನ್ನಡಕ ಹಾಕಿದ ಹೆಂಗಸೊಬ್ಬರು ಬಂದು, "ಇದರಾಗೇನ ವಿಶೇಷ?" ಎಂದು ಕೇಳಿದರು. ಕೂಲಿಯ ಹೆಂಗಸಿನ ಟೋಪಿ ಎನ್ನಲು ನನಗೇಕೋ ಸಂಕೋಚವಾಯಿತು. ಇದು ನನ್ನ ನಿಜವಾದ ತಪ್ಪು; ಸುಳ್ಳು ಅದರ ಮರಿ. ಬಾಯಿ ತೆರೆದೆ, ಸಾಹೇಬ ಕುದುರೆಯಿಂದ ಬಿದ್ದ. ಗಂಗವ್ವ ಚಹಾ ಮುಗಿಸಿ ಬರುವಷ್ಟರಲ್ಲಿ ಟೋಪಿಗಳೆಲ್ಲ ಖಾಲಿ. ಪಕ್ಕದ ಮಳಿಗೆಯಲ್ಲಿದ್ದ ಸವಣೂರಿನ ಡ್ರಾಯಿಂಗ್ ಮಾಸ್ತರರು ಕಥೆ ಕೇಳಿಸಿಕೊಂಡು, ತಮ್ಮೂರ ಸಂತೆಯಲ್ಲಿ ಅವಳು ಕೂರುವ ಜಾಗಕ್ಕೆ 'ಸಾಹೇಬರ ಟೋಪಿ' ಎಂದು ಬೋರ್ಡು ಬರೆದುಕೊಟ್ಟರು. ಕೊಳ್ಳುವವರು ಸಾಹೇಬರ ತಲೆಗೆ ಒಪ್ಪುವಂತೆ ನೆತ್ತಿ ದುಂಡಗಿರಲಿ ಅಂದರು. ಗಂಗವ್ವ ದುಂಡಗೆ ಹೆಣೆಯತೊಡಗಿದಳು.

ಹಾನಗಲ್ಲಿನಿಂದ ಬಂದವನೇ ಅವಳ ಕಟ್ಟೆಯ ಮೇಲೆ ಕುಳಿತು ಸಾರೋಟಿನ ಅನ್ಯಾಯವನ್ನೆಲ್ಲ ಹೇಳಿಕೊಂಡೆ. "ನಾ ಕಟ್ಟಿದ ಕಥಿ ನನಗ ಹೇಳ್ತಾನ ನೋಡವಾ" ಎಂದೆ. ಗಂಗವ್ವನ ಕೈ ನಿಂತಿತು.

"ಕಟ್ಟಿದ್ದೇನ್ ಕಾಕಾ? ಬುಕ್ಕಿನಾಗಿಂದಲ್ಲ?"

"ಅಲ್ಲವಾ, ನಾನ ಕಟ್ಟಿದ್ದು" ಎಂದೆ.

"ನೀವು ಕಲತವ್ರು, ಎಲ್ಲೋ ಓದಿರಬೇಕು ಅನ್ಕೊಂಡಿದ್ದೆ. ನಮ್ಮವ್ವ ತಾನ ಮೊದಲ ಹೆಣದಿದ್ದು ಅಂತಿದ್ಲು. ಒಂದು ವರ್ಷ ಆತು, ಸತ್ತಾಕಿನ್ನ ಸುಳ್ಳಿ ಅಂತ ತಿಳಕೊಂಡೇನಿ ನಾನು." ಅವಳ ದನಿ ಏರಲಿಲ್ಲ. "ಆ ಬೋರ್ಡಿನ ಮ್ಯಾಲ ನಮ್ಮವ್ವನ ಹೆಸರು ಬರೂತನಕ ನಾ ಗರಿ ಮುಟ್ಟೂದಿಲ್ಲ."

ಮರುದಿನವೇ ಸವಣೂರಿಗೆ ಹೋಗಿ ಮಾಸ್ತರರ ಮುಂದೆ ತಪ್ಪೊಪ್ಪಿಕೊಂಡೆ. ಸುಳ್ಳು ಹೇಳಿದಾಗ ಒಂದು ಗಳಿಗೆಯಲ್ಲಿ ನಂಬಿದ್ದ ಮನುಷ್ಯ, ನಿಜ ಹೇಳಿದರೆ ಸಾಕ್ಷಿ ಕೇಳಿದ. "ನಿಮಗ ವಯಸ್ಸಾತ್ರಿ, ಮರತೀರಿ. ಸಾಹೇಬ ಇದ್ದದ್ದು ಊರಿಗೆಲ್ಲ ಗೊತ್ತೈತಿ. ಇತಿಹಾಸ ಏನ್ ನಿಮ್ಮ ಮನಿ ಆಸ್ತಿ ಏನ್ರಿ?" ನನ್ನ ಸಾಹೇಬ ನನ್ನ ಆಸ್ತಿಯಲ್ಲದೆ ಮತ್ತಾರ ಆಸ್ತಿ? ಕೂಗಾಡಿ ಬಂದೆ. ಉಪಯೋಗವಾಗಲಿಲ್ಲ.

ಕೊನೆಗೆ ಗಂಗವ್ವನೇ ದಾರಿ ಹುಡುಕಿದಳು. ಸಂತೆಯ ದಿನ ಅವ್ವನ ಹಳೆಯ ಟೋಪಿಯನ್ನು ನನ್ನ ತಲೆಗಿಟ್ಟು, ಅದರ ನೆತ್ತಿಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂದು ಬುಟ್ಟಿ ಬದನೆಕಾಯಿ ಕೂರಿಸಿ, "ನಡೀರಿ ಕಾಕಾ" ಎಂದಳು. ಇಡೀ ಸಂತೆ ಹಾಯ್ದು ಮಾಸ್ತರರ ಮನೆಯವರೆಗೆ ನಡೆದೆ. ಕತ್ತು ಹೊಟ್ಟೆಯೊಳಗೆ ಇಳಿದಂತಾಗಿತ್ತು. ಬುಟ್ಟಿ ಮಾತ್ರ ಅಲ್ಲಾಡಲಿಲ್ಲ. ಗಂಗವ್ವ ಬುಟ್ಟಿ ಇಳಿಸಿ, ಟೋಪಿ ತೆಗೆದು, ಮಾಸ್ತರರಿಗೆ ಸಮತಟ್ಟಾದ ನೆತ್ತಿಯನ್ನು ತೋರಿಸಿ, "ನಿಮ್ಮ ಸಾಹೇಬ ಬದನಿಕಾಯಿ ಹೊರತಿದ್ನೇನ್ರಿ?" ಎಂದು ಕೇಳಿದಳು. ಮಾಸ್ತರರು ಬಹಳ ಹೊತ್ತು ಟೋಪಿಯನ್ನು ತಿರುಗಿಸಿ ನೋಡಿ, ಬ್ರಶ್ ತರಲು ಒಳಗೆ ಹೋದರು.

ಈಗ ಬೋರ್ಡಿನ ಮೇಲೆ 'ಮಾಸೂರ ಬಸವ್ವನ ಟೋಪಿ' ಎಂದಿದೆ. ದಪ್ಪ ಅಕ್ಷರ, ಹಸಿರು ಬಣ್ಣ. ಗಂಗವ್ವ ಮುಂದೆ ನಿಂತು ಒಂದೊಂದೇ ಅಕ್ಷರ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಕೆಳಗ ಸಣ್ಣದು ಏನೋ ಐತಲ್ಲ ಕಾಕಾ? ಚಾಳೀಸ ಮನ್ಯಾಗ ಬಿಟ್ ಬಂದೇನಿ" ಎಂದಳು. ಕೆಳಗೆ, 'ಇತಿಹಾಸ ಸಂಶೋಧನೆ' ಎಂದು ಬರೆದು ನನ್ನ ಹೆಸರು ಹಾಕಿದ್ದರು. ಅಳಿಸಿ ಎನ್ನಲು ನನಗೆ ಇಡೀ ಮಧ್ಯಾಹ್ನ ಸಮಯವಿತ್ತು. ಅನ್ನಲಿಲ್ಲ. ಅಕ್ಷರಗಳು ಚೆನ್ನಾಗಿ ಬಂದಿದ್ದವು.

"ಬಣ್ಣದ ಕಂಪನಿ ಹೆಸರವಾ" ಎಂದೆ.

ಬರುವ ಸಂತೆಗೆ ಅವಳು ಚಾಳೀಸಿನ ಕನ್ನಡಕ ತರುತ್ತಾಳಂತೆ. ಅದಕ್ಕೆ ಮೊದಲು ಇದನ್ನು ಬರೆದು ಮುಗಿಸಿದ್ದೇನೆ.